ಕಾಫಿ ಎಲೆಯ ಟಾಪ್: ಮಗುವಿನ ಬೇಸಿಗೆಗೆ ಹತ್ತಿಯ ಹೆಣಿಗೆ

ಮಲೆನಾಡಿನಲ್ಲಿ ಹೆಣಿಗೆ ಅಂದರೆ ಸ್ವೆಟರ್ ಎಂದೇ ಲೆಕ್ಕ. ಮಳೆಗಾಲ ಹತ್ತಿರ ಬಂದಾಗ ಉಲ್ಲನ್ ಉಂಡೆಗಳೂ ಕಡ್ಡಿಗಳೂ ಹೊರಗೆ ಬರುತ್ತವೆ. ಕಿವಿ ಮುಚ್ಚುವ ಟೋಪಿ, ತೋಳಿಲ್ಲದ ಸ್ವೆಟರ್, ಕೂಸಿಗೆ ಕಾಲುಚೀಲ ಒಂದೊಂದಾಗಿ ತಯಾರಾಗುತ್ತವೆ. ಬೇಸಿಗೆ ಬಂತೆಂದರೆ ಅದೇ ಕಡ್ಡಿಗಳು ಟ್ರಂಕಿನ ತಳ ಸೇರುತ್ತವೆ. ಹಾಗಾಗಬಾರದು ಎನ್ನುವುದು ನನ್ನ ಅಭಿಪ್ರಾಯ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಸುತ್ತಿನ ಬೇಸಿಗೆ ಬಯಲುಸೀಮೆಯ ಬೇಸಿಗೆಯಲ್ಲ. ಮಾರ್ಚಿನಲ್ಲೂ ಬೆಳಗಿನ ಜಾವ ಮೈ ಚಳಿಗುಟ್ಟುತ್ತದೆ. ಹನ್ನೊಂದು ಗಂಟೆಗೆ ಕಣದ ಸಿಮೆಂಟು ಕಾದು ಕಾಲಿಡಲಾಗುವುದಿಲ್ಲ. ಸಂಜೆ ಗುಡುಗಿ ಒಂದು ಹದ ಮಳೆ ಬಿದ್ದರೆ ಮತ್ತೆ ತಂಪು. ಒಂದೇ ದಿನದಲ್ಲಿ ಇಷ್ಟು ಏರುಪೇರು ಇರುವ ಕಡೆ ಮಕ್ಕಳ ಮೈಮೇಲೆ ದಪ್ಪ ಬಟ್ಟೆಯೂ ಒಗ್ಗುವುದಿಲ್ಲ, ನೈಲಾನ್ ಲೇಸಿನ ಫ್ರಾಕೂ ಒಗ್ಗುವುದಿಲ್ಲ. ಹತ್ತಿ ನೂಲಿನಲ್ಲಿ ಸಡಿಲವಾಗಿ, ಸಣ್ಣ ಸಣ್ಣ ಕಂಡಿ ಬಿಟ್ಟು ಹೆಣೆದ ಒಂದು ಟಾಪ್ ಮಾತ್ರ ಈ ಮೂರು ಹೊತ್ತಿಗೂ ಸಲ್ಲುತ್ತದೆ. ಬೆವರನ್ನು ಹೀರುತ್ತದೆ, ಗಾಳಿಯಾಡಲು ಬಿಡುತ್ತದೆ, ಬೆಳಗ್ಗೆ ಒಳಗೊಂದು ಬನಿಯನ್ ಹಾಕಿದರೆ ಬೆಚ್ಚಗೂ ಇರುತ್ತದೆ.

ಹತ್ತಿಯಲ್ಲಿ ಹೆಣೆಯುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಹೆಣಿಗೆಯ ಅತಿ ಹಳೆಯ ಕುರುಹುಗಳೆಂದು ಉಳಿದು ಬಂದಿರುವುದು ಈಜಿಪ್ಟಿನ ಹತ್ತಿ ಕಾಲುಚೀಲಗಳು. ಸುಮಾರು 11ರಿಂದ 14ನೇ ಶತಮಾನದವು, ಹಲವು ನೀಲಿ ಬಿಳಿ ನೂಲಿನಲ್ಲಿ ಚಿತ್ತಾರ ತೆಗೆದವು. ಅಷ್ಟು ದೂರ ಹೋಗುವುದೂ ಬೇಡ. ಮನೆಯಲ್ಲಿರುವ ತಿರುಪ್ಪೂರಿನ ಬನಿಯನ್ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇದ್ದರೆ ಇಟ್ಟು, ಹತ್ತಿರದಿಂದ ನೋಡಿ. ಮುಂಬದಿಯಲ್ಲಿ ಜಡೆ ಹೆಣೆದಂಥ ಸಾಲುಗಳು, ಹಿಂಬದಿಯಲ್ಲಿ ಅಡ್ಡಡ್ಡ ಪುಟ್ಟ ಉಬ್ಬುಗಳು ಕಾಣುತ್ತವೆ. ಸ್ವೆಟರಿನ ಸೀದಾ ಮತ್ತು ಉಲ್ಟಾ ಇದೇ. ನಮ್ಮ ಜನ ಬೇಸಿಗೆಯಲ್ಲಿ ತೊಡುವ ಬನಿಯನ್ ಹತ್ತಿಯ ಹೆಣಿಗೆಯೇ. ಅದನ್ನು ಯಂತ್ರ ಹೆಣೆಯುತ್ತದೆ, ಅಷ್ಟೇ.

ಈ ಲೇಖನ ಯಾವುದೋ ಪುಸ್ತಕದ ಮಾದರಿಯನ್ನು ನಕಲು ಮಾಡುವುದಕ್ಕಲ್ಲ. ಸೀದಾ, ಉಲ್ಟಾ ಎರಡು ಬರುವ ಯಾರೇ ಆಗಲಿ, ತಮ್ಮ ಮಗುವಿನ ಅಳತೆಗೆ, ತಮ್ಮ ಕಣ್ಣೆದುರಿನ ಗಿಡದ ಚಿತ್ತಾರ ಹಾಕಿ, ಸ್ವಂತದ್ದೊಂದು ಟಾಪ್ ರೂಪಿಸಬಹುದು. ಅದಕ್ಕೆ ಬೇಕಾದದ್ದು ಟೇಪು, ಒಂದು ಮಾದರಿ ತುಂಡು ಮತ್ತು ಪ್ರೈಮರಿ ಶಾಲೆಯ ಗುಣಾಕಾರ.

ನೂಲು ಮತ್ತು ಕಡ್ಡಿ

ಫ್ಯಾನ್ಸಿ ಸ್ಟೋರಿನಲ್ಲಿ ‘ಉಲ್ಲನ್’ ಎಂದು ಕೇಳಿದರೆ ಕೈಗೆ ಸಿಗುವುದು ಬಹುಪಾಲು ಅಕ್ರಿಲಿಕ್. ಸ್ವೆಟರಿಗೆ ಅದು ನಡೆಯುತ್ತದೆ, ಬೇಸಿಗೆಯ ಉಡುಪಿಗೆ ಖಂಡಿತ ಬೇಡ. ಅದು ಬೆವರು ಹೀರುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಚ್ಚಲ ಒಲೆಯ ಹತ್ತಿರ ಮಕ್ಕಳು ಓಡಾಡುವ ನಮ್ಮ ಮನೆಗಳಲ್ಲಿ ಇದನ್ನು ಮರೆಯಬಾರದು. ಕೊಂಡ ನೂಲು ನಿಜವಾಗಿ ಹತ್ತಿಯೇ ಎಂದು ತಿಳಿಯಲು ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇದನ್ನು ದೊಡ್ಡವರು ಮಾಡಬೇಕು, ಮಕ್ಕಳು ಪಕ್ಕದಲ್ಲಿ ಇಲ್ಲದಾಗ.

ಅಂಗಡಿಯಲ್ಲಿ ಹತ್ತಿ ನೂಲು ಎರಡು ಬಗೆಯಲ್ಲಿ ಸಿಗುತ್ತದೆ. ಹೊಳಪಿರುವುದು ಮರ್ಸರೈಸ್ಡ್ ನೂಲು. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಹದ ಮಾಡುವ ಈ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದ. ಹೆಸರೂ ಅವನಿಂದಲೇ ಬಂತು. ಇದು ಗಟ್ಟಿ, ಬಣ್ಣವನ್ನು ಚೆನ್ನಾಗಿ ಹಿಡಿದಿಡುತ್ತದೆ, ಕಂಡಿ ಹೆಣಿಗೆಯಲ್ಲಿ ಚಿತ್ತಾರ ಎದ್ದು ಕಾಣುತ್ತದೆ. ಹೊಳಪಿಲ್ಲದ ಸಾದಾ ನೂಲು ಇನ್ನೂ ಮೆತ್ತಗೆ, ಹೆಚ್ಚು ನೀರು ಹೀರುತ್ತದೆ, ಆದರೆ ಬೇಗ ಜುಂಗು ಏಳುತ್ತದೆ. ಮೈಗೆ ತಾಗುವ ಮಗುವಿನ ಉಡುಪಿಗೆ ನಾನು ಸಾದಾ ನೂಲನ್ನೇ ಆರಿಸುತ್ತೇನೆ. ಚುಚ್ಚುವ ಬಟ್ಟೆಯನ್ನು ಎಷ್ಟು ಚಂದ ಹೆಣೆದರೂ “ಅಜ್ಜಿ, ಇದು ನಂಗೆ ಬೇಡ” ಎಂದು ಮಗು ತೆಗೆದು ಬಿಸಾಡಿದರೆ ಮುಗಿಯಿತು. ಕೊಳ್ಳುವ ಮೊದಲು ನೂಲನ್ನು ನಿಮ್ಮ ಕೈಗೆ ಉಜ್ಜಿ ನೋಡಬೇಡಿ, ಕತ್ತಿನ ಪಕ್ಕಕ್ಕೆ ಉಜ್ಜಿ. ಕೆಲಸ ಮಾಡಿ ಗಡುಸಾದ ಅಂಗೈಗೆ ಗೊತ್ತಾಗದ ಒರಟು ಅಲ್ಲಿ ಗೊತ್ತಾಗುತ್ತದೆ.

ನೂಲಿನ ದಪ್ಪ ಸ್ವೆಟರಿನ ನೂಲಿಗಿಂತ ಸಣ್ಣದಿರಲಿ, ‘4 ಪ್ಲೈ’ ಎಂದು ಬರೆದಿರುವಂಥದ್ದು. ಹತ್ತಿ ತೂಕದ ನಾರು. ದಪ್ಪ ನೂಲಲ್ಲಿ ಹೆಣೆದರೆ ಟಾಪ್ ತನ್ನ ಭಾರಕ್ಕೆ ತಾನೇ ಜೋಲುತ್ತದೆ.

ಕಡ್ಡಿಯ ನಂಬರಿನಲ್ಲಿ ಹೊಸಬರಿಗೆ ಗೊಂದಲವಾಗುವುದುಂಟು. ನಮ್ಮಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರು ಬಳಕೆಯಲ್ಲಿದೆ. ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8 ನಂಬರು ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ನೀಲಗಿರಿಯ ಕೇತ್ತಿಯಲ್ಲಿ 1949ರಲ್ಲಿ ಶುರುವಾದ ಸೂಜಿ ಕಾರ್ಖಾನೆಯ ಪೋನಿ ಕಡ್ಡಿಗಳು ನಮ್ಮ ಪೇಟೆಗಳಲ್ಲಿ ಸಾಮಾನ್ಯ. ಈ ಟಾಪಿಗೆ 10 ನಂಬರಿನ ಎರಡು ನೇರ ಕಡ್ಡಿ ಸಾಕು. ಕೇಬಲ್ ಇರುವ ಕಡ್ಡಿಯನ್ನು ಹುಡುಕಿಕೊಂಡು ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗುವ ಅಗತ್ಯ ಬಾರದಂತೆಯೇ ಇದನ್ನು ರೂಪಿಸಿದ್ದೇನೆ.

ಮಾದರಿ ತುಂಡು

ಹೆಚ್ಚಿನವರು ಹಾರಿಬಿಡುವ ಹಂತ ಇದು. ಉಣ್ಣೆಯಲ್ಲಿ ಹಾರಿದರೂ ಹೇಗೋ ನಡೆಯುತ್ತದೆ, ಏಕೆಂದರೆ ಉಣ್ಣೆಗೆ ಹುಟ್ಟಿನಿಂದಲೇ ಸುರುಳಿ ಇದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ಹತ್ತಿಯ ಎಳೆಗೆ ಆ ಗುಣ ಇಲ್ಲ. ಹಿಗ್ಗಿದ್ದು ಹಿಗ್ಗಿದಂತೆಯೇ ಇರುತ್ತದೆ, ಒಗೆದಾಗ ಕುಗ್ಗುತ್ತದೆ. ಹಾಗಾಗಿ ಹತ್ತಿಯಲ್ಲಿ ಅಳತೆಗೆ ಮಾದರಿ ತುಂಡನ್ನು ಬಿಟ್ಟು ಬೇರೆ ಆಧಾರ ಇಲ್ಲ.

36 ಕುಣಿಕೆ ಏರಿಸಿಕೊಳ್ಳಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಹೀಗೆ 48 ಸಾಲು ಹೆಣೆದು ಮುಚ್ಚಿ. ಅಳೆಯಿರಿ, ಬರೆದಿಡಿ. ಆಮೇಲೆ ಅದನ್ನು ಮಗುವಿನ ಉಳಿದ ಬಟ್ಟೆಯ ಜೊತೆಗೇ ಒಗೆಯಿರಿ. ಬಟ್ಟೆ ಕಲ್ಲಿನ ಮೇಲೆ ಒಗೆಯುವ ಮನೆಯಾದರೆ ಕಲ್ಲಿನ ಮೇಲೆ, ಮೆಷಿನ್ ಇದ್ದರೆ ಮೆಷಿನ್ನಿನಲ್ಲಿ. ಟಾಪ್ ಮುಂದೆ ಹೇಗೆ ಬದುಕಬೇಕೋ ಹಾಗೆಯೇ ಈ ತುಂಡೂ ಬದುಕಬೇಕು. ಜೊತೆಗೊಂದು ಬಿಳಿ ಬಟ್ಟೆಯ ಚೂರು ಹಾಕಿದರೆ ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ. ಬಣ್ಣ ಬಿಡುವ ನೂಲನ್ನು ಅಂಗಡಿಗೆ ವಾಪಸು ಕೊಡುವುದೇ ಒಳ್ಳೆಯದು.

ಒಣಗಿದ ಮೇಲೆ ತುಂಡಿನ ನಡುಭಾಗದಲ್ಲಿ 10 ಸೆಂ.ಮೀ. ಅಗಲಕ್ಕೆ ಎಷ್ಟು ಕುಣಿಕೆ, 10 ಸೆಂ.ಮೀ. ಉದ್ದಕ್ಕೆ ಎಷ್ಟು ಸಾಲು ಎಂದು ಎಣಿಸಿ. ಒಗೆಯುವ ಮುಂಚೆ 30 ಸಾಲು ಇದ್ದದ್ದು ಒಗೆದ ಮೇಲೆ 32 ಆಗಿರಬಹುದು. ಎರಡೇ ಸಾಲು ತಾನೆ ಎನ್ನಬೇಡಿ. ಕಂಕುಳಿಂದ ಕೆಳಗಿನ ಭಾಗವೊಂದರಲ್ಲೇ ಅದು ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಗಿಡ್ಡ ಮಾಡುತ್ತದೆ. ನಾನು ಇಲ್ಲಿ ಕೊಡುವ ಲೆಕ್ಕ 10 ಸೆಂ.ಮೀ.ಗೆ 24 ಕುಣಿಕೆ, 32 ಸಾಲು ಎಂಬುದರ ಮೇಲೆ ನಿಂತಿದೆ. ನಿಮ್ಮ ಕೈ ಬಿಗಿಯಾಗಿದ್ದು 26 ಕುಣಿಕೆ ಬಂದರೆ 9 ನಂಬರಿನ ಕಡ್ಡಿ ಹಿಡಿದು ನೋಡಿ, ಸಡಿಲವಾಗಿದ್ದರೆ 11.

ಇದೇ ತುಂಡಿನಿಂದ ನೂಲು ಎಷ್ಟು ಬೇಕೆಂದೂ ತಿಳಿಯಬಹುದು. 15 ಸೆಂ.ಮೀ. ಚೌಕದ ತುಂಡು ಸಣ್ಣ ತಕ್ಕಡಿಯಲ್ಲಿ 8 ಗ್ರಾಂ ತೂಗಿತು ಎನ್ನಿ. ನಾಲ್ಕೈದು ವರ್ಷದ ಮಗುವಿನ ಟಾಪಿನ ಒಟ್ಟು ಹರವು ಈ ತುಂಡಿನ ಸುಮಾರು ಒಂಬತ್ತೂಕಾಲು ಪಾಲು. ಅಂದರೆ 75 ಗ್ರಾಂ. 100 ಗ್ರಾಂ ತಂದರೆ ಧಾರಾಳವಾಯಿತು. ನನ್ನ ಸಲಹೆ, ಇನ್ನೂ 50 ಗ್ರಾಂ ಜಾಸ್ತಿ ತನ್ನಿ, ಲೇಬಲ್ಲಿನ ಮೇಲಿನ ಡೈ ಲಾಟ್ ನಂಬರು ಒಂದೇ ಇರಲಿ. ಮುಂದಿನ ವರ್ಷ ಟಾಪ್ ಉದ್ದ ಮಾಡುವಾಗ ಅದೇ ಬಣ್ಣ ಹುಡುಕಿದರೆ ಸಿಗುವುದಿಲ್ಲ.

ಚಿತ್ತಾರ ಎಲ್ಲಿಂದ

ಸ್ವಂತ ವಿನ್ಯಾಸ ಎಂದಾಗ ಶೂನ್ಯದಿಂದ ಸೃಷ್ಟಿಸಬೇಕು ಎಂದೇನಿಲ್ಲ. ಹಿತ್ತಲಿಗೆ ಹೋಗಿ ಒಂದು ಕಾಫಿ ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ನೋಡಿ. ಗಿಣ್ಣಿನಿಂದ ಎರಡು ಎಲೆ ಎದುರುಬದುರಾಗಿ ಹೊರಡುತ್ತವೆ, ನಡುನರ ಸ್ಪಷ್ಟ, ತುದಿ ಚೂಪು, ಸ್ವಲ್ಪ ಕೆಳಕ್ಕೆ ಇಳಿಬಿದ್ದಿರುತ್ತವೆ. ಮತ್ತೊಂದು ಗಿಣ್ಣು, ಮತ್ತೆರಡು ಎಲೆ. ಹೂವು ಬರುವುದೂ ಇದೇ ಗಿಣ್ಣಿನಲ್ಲಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾದಾಗ ಗಿಣ್ಣು ಗಿಣ್ಣಿಗೂ ಬಿಳಿ ಗೊಂಚಲು. ಅರೇಬಿಕಾ ಹೂವಿನಲ್ಲಿ ಸಾಮಾನ್ಯವಾಗಿ ಐದು ಎಸಳು. ಇಷ್ಟು ಕ್ರಮಬದ್ಧವಾದ ಗಿಡ ಹೆಣಿಗೆಗೆ ಹೇಳಿ ಮಾಡಿಸಿದ್ದು, ಏಕೆಂದರೆ ಹೆಣಿಗೆಯಲ್ಲೂ ಎಲ್ಲವೂ ಎಣಿಕೆಯ ಪುನರಾವರ್ತನೆ.

ಮಗುವನ್ನೂ ಕೂರಿಸಿಕೊಂಡು ಎಲೆ ಬಿಡಿಸಲು ಹೇಳಿ. ಅದು ಗೀಚಿದ ಎಲೆ ಅಂಗಡಿಯ ಯಾವ ಉಡುಪಿನಲ್ಲೂ ಇರುವುದಿಲ್ಲ. ಆದರೆ ಚಿತ್ರವನ್ನು ಚೌಕುಳಿ ಕಾಗದಕ್ಕೆ ಇಳಿಸುವಾಗ ಒಂದು ವಿಷಯ ಗಮನಿಸಿ. ಹೆಣಿಗೆಯ ಕುಣಿಕೆ ಚೌಕವಲ್ಲ. ನಮ್ಮ ಅಳತೆಯಲ್ಲಿ ಒಂದು ಕುಣಿಕೆ ಸುಮಾರು 4.2 ಮಿ.ಮೀ. ಅಗಲ, 3.1 ಮಿ.ಮೀ. ಎತ್ತರ. ಲೆಕ್ಕದ ಪುಸ್ತಕದ ಚೌಕದಲ್ಲಿ ಬರೆದ ಚಿತ್ರ ಬಟ್ಟೆಯಲ್ಲಿ ಮುಕ್ಕಾಲು ಎತ್ತರಕ್ಕೆ ಕುಳ್ಳಗಾಗುತ್ತದೆ. ಧಾರವಾಡದ ಕಡೆಯ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಅದರ ಗೋಪುರ, ರಥ, ತುಳಸಿಕಟ್ಟೆಗಳನ್ನು ಹೆಣಿಗೆಗೆ ತರುವ ಆಸೆ ಯಾರಿಗೂ ಬರುವಂಥದ್ದೇ. ಹಾಗೆಯೇ ನಕಲಿಸಿದರೆ ಗೋಪುರ ಗೋದಾಮಿನಂತೆ ಚಪ್ಪಟೆಯಾಗಿ ಕೂರುತ್ತದೆ. ಮೂರು ಚೌಕ ಅಗಲಕ್ಕೆ ನಾಲ್ಕು ಚೌಕ ಎತ್ತರ ಎಂದು ಮೊದಲೇ ಹಿಗ್ಗಿಸಿ ಬರೆದುಕೊಂಡರೆ ಸರಿಹೋಗುತ್ತದೆ. ಬೇಲೂರಿನ ಚೆನ್ನಕೇಶವ ಗುಡಿಯ ಜಾಲಂಧ್ರಗಳನ್ನು ನೋಡಿ ಕಂಡಿಗಳ ಜಾಲ ಹೆಣೆಯುವವರಿಗೂ ಇದೇ ಮಾತು.

ನಾನು ಆರಿಸಿಕೊಂಡ ಎಲೆ 11 ಕುಣಿಕೆ ಅಗಲ, 12 ಸಾಲು ಉದ್ದದ್ದು. ಮೂರು ಪದಗಳನ್ನು ಈ ಲೇಖನದ ಮಟ್ಟಿಗೆ ಒಪ್ಪಿಕೊಳ್ಳೋಣ. ‘ಜೋಡಿ’ ಎಂದರೆ ಎರಡು ಕುಣಿಕೆಯನ್ನು ಒಟ್ಟಿಗೆ ಒಂದಾಗಿ ಸೀದಾ ಹೆಣೆಯುವುದು. ‘ಹಿಂಜೋಡಿ’ ಎಂದರೆ ಅದೇ ಕೆಲಸವನ್ನು ಕಡ್ಡಿಯನ್ನು ಕುಣಿಕೆಗಳ ಹಿಂಬದಿಯಿಂದ ತೂರಿಸಿ ಮಾಡುವುದು. ‘ಸುತ್ತು’ ಎಂದರೆ ನೂಲನ್ನು ಮುಂದೆ ತಂದು ಕಡ್ಡಿಯ ಮೇಲೆ ಒಂದು ಸಲ ಹಾಯಿಸುವುದು; ಮುಂದಿನ ಸಾಲಿನಲ್ಲಿ ಅದೇ ಕಂಡಿಯಾಗುತ್ತದೆ. ಪ್ರತಿ ಸುತ್ತಿನಿಂದ ಒಂದು ಕುಣಿಕೆ ಹೆಚ್ಚಾಗುತ್ತದೆ, ಪ್ರತಿ ಜೋಡಿಯಿಂದ ಒಂದು ಕಮ್ಮಿಯಾಗುತ್ತದೆ. ಹಾಗಾಗಿ 11 ಯಾವಾಗಲೂ 11 ಆಗಿಯೇ ಉಳಿಯಬೇಕು. ಉಳಿಯದಿದ್ದರೆ ಆ ಸಾಲಿನಲ್ಲೇ ನಿಂತು ಹುಡುಕಿ.

1ನೇ ಸಾಲು: 3 ಸೀದಾ, ಜೋಡಿ, ಸುತ್ತು, 1 ಸೀದಾ, ಸುತ್ತು, ಹಿಂಜೋಡಿ, 3 ಸೀದಾ.
3ನೇ ಸಾಲು: 2 ಸೀದಾ, ಜೋಡಿ, ಸುತ್ತು, 3 ಸೀದಾ, ಸುತ್ತು, ಹಿಂಜೋಡಿ, 2 ಸೀದಾ.
5ನೇ ಸಾಲು: 1 ಸೀದಾ, ಜೋಡಿ, ಸುತ್ತು, 5 ಸೀದಾ, ಸುತ್ತು, ಹಿಂಜೋಡಿ, 1 ಸೀದಾ.
7ನೇ ಸಾಲು: ಜೋಡಿ, ಸುತ್ತು, 7 ಸೀದಾ, ಸುತ್ತು, ಹಿಂಜೋಡಿ.
9 ಮತ್ತು 11ನೇ ಸಾಲು ಪೂರ್ತಿ ಸೀದಾ. ಸಮಸಂಖ್ಯೆಯ ಸಾಲುಗಳೆಲ್ಲ ಪೂರ್ತಿ ಉಲ್ಟಾ.

ಕಂಡಿಗಳು ನಡುವಿನಿಂದ ಎರಡೂ ಕಡೆಗೆ ಸರಿಯುತ್ತಾ ಹೋಗುತ್ತವೆ. ನಾವು ಟಾಪನ್ನು ಭುಜದಿಂದ ಕೆಳಕ್ಕೆ ಹೆಣೆಯುವುದರಿಂದ, ತೊಟ್ಟಾಗ ಇದು ಗಿಣ್ಣಿನಿಂದ ಇಳಿಬಿದ್ದ ಎರಡು ಎಲೆಯಾಗಿ ಕಾಣುತ್ತದೆ. ಕಂಡಿ ಚಿಕ್ಕದಾಗಿಯೇ ಇರಲಿ. ಸುತ್ತನ್ನು ಎರಡೆರಡು ಸಲ ಹಾಕಿ ದೊಡ್ಡ ಕಂಡಿ ಮಾಡಿದರೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ, ಬೇಲಿಯ ಲಂಟಾನ ಮುಳ್ಳಿಗೂ ಸಿಕ್ಕಿ ನೂಲು ಹೊರಬರುತ್ತದೆ.

ಭುಜದಿಂದ ಕೆಳಕ್ಕೆ

ಸ್ವೆಟರನ್ನು ನಮ್ಮಲ್ಲಿ ಸೊಂಟದಿಂದ ಮೇಲಕ್ಕೆ ಹೆಣೆಯುವುದು ವಾಡಿಕೆ. ಬೆಳೆಯುವ ಮಗುವಿಗೆ ಅದು ತಿರುಗಾಮುರುಗಾ. ಹೆಣಿಗೆ ಸರಾಗವಾಗಿ ಬಿಚ್ಚುವುದು ಮುಚ್ಚಿದ ಕಡೆಯಿಂದ ಮಾತ್ರ, ಶುರುಮಾಡಿದ ಕಡೆಯಿಂದಲ್ಲ. ಭುಜದಲ್ಲಿ ಶುರುಮಾಡಿ ಕೆಳಗೆ ಮುಚ್ಚಿದರೆ, ಮುಂದಿನ ವರ್ಷ ಕೆಳ ಅಂಚನ್ನು ಬಿಚ್ಚಿ ಮತ್ತೆ ಕಡ್ಡಿಗೇರಿಸಿ ಇನ್ನೊಂದು ಸಾಲು ಎಲೆ ಸೇರಿಸಬಹುದು. ಹೆಣೆಯುತ್ತಿರುವಾಗಲೇ ಮಗುವಿನ ಹೆಗಲಿಗೆ ಹಿಡಿದು ನೋಡಲೂಬಹುದು. ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ ಮೇಲಿನಿಂದ ಹೆಣೆಯುವ ವಿಧಾನದ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಅವರಿಗಿಂತ ಸ್ವಲ್ಪ ಮುಂಚೆ ಎಲಿಜಬೆತ್ ಜಿಮ್ಮರ್‌ಮನ್ ಎದೆ ಸುತ್ತಳತೆಯ ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡು ಉಳಿದ ಭಾಗಗಳನ್ನು ಶೇಕಡಾ ಲೆಕ್ಕದಲ್ಲಿ ಪಡೆಯುವ ದಾರಿ ತೋರಿಸಿದ್ದರು. ಇಬ್ಬರೂ ಹೆಣೆಯುವವರಿಗೆ ಕಲಿಸಿದ್ದು ಒಂದೇ: ಲೆಕ್ಕ ನಿಮ್ಮದಾದರೆ ಉಡುಪೂ ನಿಮ್ಮದು.

ಮಗುವಿನ ಮೂರು ಅಳತೆ ಬೇಕು. ಎದೆ ಸುತ್ತಳತೆ, ಭುಜದಿಂದ ಕಂಕುಳಿಗೆ ಎಷ್ಟು ಇಳಿಯಬೇಕು, ಭುಜದಿಂದ ಟಾಪಿನ ಕೆಳ ಅಂಚಿಗೆ ಎಷ್ಟು. ಮಗು ಉಸಿರು ಬಿಗಿಹಿಡಿದು ನಿಂತಾಗ ಅಳೆಯಬೇಡಿ; ಆಡುತ್ತಾ ಇರುವಾಗ ಟೇಪು ಸುತ್ತಿ. ವಯಸ್ಸಿನ ಪಟ್ಟಿಯನ್ನು ನಂಬುವುದಕ್ಕಿಂತ ಈ ಟೇಪನ್ನೇ ನಂಬಿ, ಒಂದೇ ತರಗತಿಯ ಇಬ್ಬರು ಮಕ್ಕಳ ಎದೆ ಒಂದೇ ಅಳತೆ ಇರುವುದಿಲ್ಲ.

ನಮ್ಮ ಉದಾಹರಣೆಯ ಮಗುವಿನ ಎದೆ 56 ಸೆಂ.ಮೀ. ಎನ್ನೋಣ. ಗಾಳಿಯಾಡಲು 6 ಸೇರಿಸಿ 62. ಮುಂದೆ ಒಂದು, ಹಿಂದೆ ಒಂದು ಭಾಗ, ತಲಾ 31. ಒಂದು ಸೆಂ.ಮೀ.ಗೆ 2.4 ಕುಣಿಕೆಯಂತೆ 74. ಎರಡು ಬದಿ ಹೊಲಿಗೆಗೆ ಎರಡು ಸೇರಿಸಿ 76. ನಡುವೆ 11ರ ಎಲೆ ಸರಿಯಾಗಿ ಕೂರಲು ಬೆಸಸಂಖ್ಯೆ ಬೇಕು, ಆದ್ದರಿಂದ 77.

ಮುಂಭಾಗದಿಂದ ಶುರುಮಾಡಿ. ಹೆಗಲ ಪಟ್ಟಿಗೆ 10 ಕುಣಿಕೆ ಏರಿಸಿ, ಎರಡೂ ಬದಿ ಸೀದಾ ಹೆಣೆಯಿರಿ. ಹತ್ತಿಯಲ್ಲಿ ಸೀದಾ-ಉಲ್ಟಾ ಬೆರೆಸಿದ ಸ್ವೆಟರಿನ ಬಾರ್ಡರ್ ಹಾಕಬೇಡಿ, ಅದು ಬಿಗಿ ಹಿಡಿಯದೆ ಜೋಲುತ್ತದೆ. ಎರಡೂ ಬದಿ ಸೀದಾ ಹೆಣೆದ ಅಂಚು ಮಟ್ಟಸವಾಗಿ, ಸುರುಳಿಯಾಗದೆ ಕೂರುತ್ತದೆ. ನಾಲ್ಕು ಸಾಲು ಆದ ಮೇಲೆ ಕಾಜ: 4 ಸೀದಾ, ಸುತ್ತು, ಜೋಡಿ, 4 ಸೀದಾ. ಮುಂದುವರಿಸಿ 6 ಸೆಂ.ಮೀ. ಆದಾಗ ನಿಲ್ಲಿಸಿ, ಹಾಗೆಯೇ ಇನ್ನೊಂದು ಪಟ್ಟಿ ಹೆಣೆಯಿರಿ. ಈಗ ಒಂದು ಪಟ್ಟಿಯ 10 ಕುಣಿಕೆ ಹೆಣೆದು, ಕೊರಳಿಗೆಂದು 33 ಹೊಸ ಕುಣಿಕೆ ಏರಿಸಿ, ಎರಡನೇ ಪಟ್ಟಿಯ 10 ಹೆಣೆದರೆ ಒಟ್ಟು 53. ಕೊರಳಂಚಿಗಾಗಿ ಆರು ಸಾಲು ಪೂರ್ತಿ ಎರಡೂ ಬದಿ ಸೀದಾ. ಆಮೇಲೆ ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಎರಡೂ ತುದಿಯ ನಾಲ್ಕು ನಾಲ್ಕು ಕುಣಿಕೆ ಮಾತ್ರ ಯಾವಾಗಲೂ ಸೀದಾ, ಅದು ತೋಳಿನ ಕಂಡಿಯ ಅಂಚು. ಕೊರಳಿನಿಂದ ಒಟ್ಟು 18 ಸಾಲು ಹೀಗೆ ಹೋಗಲಿ.

ನಂತರದ 8 ಸಾಲುಗಳಲ್ಲಿ, ಪ್ರತಿ ಮುಖದ ಸಾಲಿನಲ್ಲೂ ನಾಲ್ಕು ಕುಣಿಕೆಯ ಅಂಚಿನ ಒಳಗೆ ಎರಡೂ ಕಡೆ ಒಂದೊಂದು ಹೆಚ್ಚಿಸಿ. 53 ಹೋಗಿ 61 ಆಗುತ್ತದೆ. ಮುಂದಿನ ಎರಡು ಸಾಲಿನ ಆರಂಭದಲ್ಲಿ ಕಂಕುಳಿಗೆ ತಲಾ 8 ಏರಿಸಿದರೆ 77. ಹೊಸ 8, ಹಳೆಯ ಅಂಚಿನ 4, ಈ 12 ಕುಣಿಕೆಯನ್ನು ಎರಡೂ ತುದಿಯಲ್ಲಿ ಮೊದಲ ನಾಲ್ಕು ಸಾಲು ಎರಡೂ ಬದಿ ಸೀದಾ ಹೆಣೆಯಿರಿ. ಕಂಕುಳಲ್ಲಿ ಬಟ್ಟೆ ಮಡಚಿ ಚರ್ಮ ಉಜ್ಜಬಾರದು, ಬೇಸಿಗೆಯಲ್ಲಿ ಬೆವರುಸಾಲೆ ಏಳುವುದು ಅಲ್ಲೇ. ಎಂಟು ಸಾಲು ಆದ ಮೇಲೆ ಎಲೆ ಶುರು.

ಕಾಫಿ ಗಿಡ ಮೇಲೆ ಕಿರಿದು, ಕೆಳಗೆ ಹರಡಿಕೊಂಡಿರುತ್ತದೆ. ಎಲೆಗಳನ್ನೂ ಹಾಗೇ ಜೋಡಿಸಿದ್ದೇನೆ. ಮೊದಲ ಮೂರು ಆವರ್ತನ, ಅಂದರೆ 36 ಸಾಲು, ನಡುವೆ ಒಂದೇ ಎಲೆಜೋಡಿ: 33 ಸಾದಾ, 11 ಎಲೆ, 33 ಸಾದಾ. ಆಮೇಲೆ ಎರಡು ಆವರ್ತನ ಮೂರು ಎಲೆಜೋಡಿ: 22, 33, 22. ಕೊನೆಯ ಒಂದು ಆವರ್ತನ ಐದು: 11, 55, 11. ಪಕ್ಕಪಕ್ಕದ ಎಲೆಗಳ ತುದಿ ಒಂದಕ್ಕೊಂದು ತಾಗಿ ಕೆಳಗೆ ತೋರಣದ ಸಾಲು ಬರುತ್ತದೆ. ಕಂಡಿ ಹೆಚ್ಚಾಗಿರುವುದು ಹೊಟ್ಟೆಯ ಮೇಲೆ, ಕಮ್ಮಿ ಇರುವುದು ಎದೆಯ ಮೇಲೆ. ಬೆಳಗಿನ ಥಂಡಿಗೆ ಎದೆಗೂ ರಕ್ಷಣೆ ಆಯಿತು. ಕೊನೆಗೆ ಎರಡೂ ಬದಿ ಸೀದಾ ಒಂದೂವರೆ ಸೆಂ.ಮೀ. ಹೆಣೆದು ಸಡಿಲವಾಗಿ ಮುಚ್ಚಿ. ಬಿಗಿಯಾಗಿ ಮುಚ್ಚಿದರೆ ಕೆಳ ಅಂಚು ಒಳಕ್ಕೆ ಎಳೆದುಕೊಳ್ಳುತ್ತದೆ. ಭುಜದಿಂದ ಅಂಚಿಗೆ ಸುಮಾರು 40 ಸೆಂ.ಮೀ. ಬರುತ್ತದೆ.

ಹಿಂಭಾಗವೂ ಹಾಗೆಯೇ, ಪಟ್ಟಿ ಮಾತ್ರ 11 ಸೆಂ.ಮೀ. ಉದ್ದ, ಕಾಜ ಬೇಡ. ಎಲೆ ಬೇಡವೆನಿಸಿದರೆ ಹಿಂದೆ ಸಾದಾ ಬಿಡಿ, ಯಾವುದು ಮುಂದೆ ಯಾವುದು ಹಿಂದೆ ಎಂದು ಮಗುವಿಗೇ ತಿಳಿಯುತ್ತದೆ. ಎರಡೂ ಭಾಗವನ್ನು ಒದ್ದೆ ಮಾಡಿ, ಟವೆಲಿನ ಮೇಲೆ ಚಪ್ಪಟೆ ಹರಡಿ, ಕೈಯಲ್ಲೇ ಅಳತೆಗೆ ತಟ್ಟಿ ಒಣಗಿಸಿ, ಆಮೇಲೆ ಬದಿಗಳನ್ನು ಅದೇ ನೂಲಿನಿಂದ ಒಂದು ಕುಣಿಕೆ ಒಳಗೆ ಹೊಲಿಯಿರಿ. ನಡುವಿನ ಎಲೆಸಾಲಿನ ಗಿಣ್ಣುಗಳಲ್ಲಿ ಬಿಳಿ ಹತ್ತಿಯಿಂದ ಐದೆಸಳಿನ ಲೇಜಿ ಡೈಸಿ ಹೂ ಒಂದೊಂದು ಹಾಕಬಹುದು. ಎಲ್ಲ ಗಿಣ್ಣಿಗೂ ಬೇಡ. ಎರಡೋ ಮೂರೋ ಸಾಕು.

ಗುಂಡಿ, ದಾರ, ಬೆಳವಣಿಗೆ

ಹೆಗಲ ಮೇಲೆ ದಾರ ಕಟ್ಟುವ ಟಾಪುಗಳು ಮುದ್ದಾಗಿ ಕಾಣುತ್ತವೆ. ಆದರೆ ಚಿಕ್ಕ ಮಕ್ಕಳ ಕೊರಳ ಹತ್ತಿರ ದಾರ, ಲಾಡಿ ಯಾವುದೂ ಬೇಡ. ಜೋಕಾಲಿಗೋ ಗೇಟಿಗೋ ಸಿಕ್ಕಿದರೆ ಕುತ್ತಿಗೆ ಬಿಗಿಯುತ್ತದೆ. ಯೂರೋಪಿನ ಮಕ್ಕಳ ಉಡುಪಿನ ಸುರಕ್ಷತಾ ಮಾನದಂಡದಲ್ಲಿ ಏಳು ವರ್ಷದೊಳಗಿನವರ ಉಡುಪಿಗೆ ಕೊರಳ ಭಾಗದಲ್ಲಿ ಎಳೆದು ಕಟ್ಟುವ ದಾರವೇ ನಿಷಿದ್ಧ. ಅದಕ್ಕಾಗಿಯೇ ಇಲ್ಲಿ ಗುಂಡಿ. ಹಿಂಭಾಗದ ಪಟ್ಟಿಯ ತುದಿಯಿಂದ 4 ಸೆಂ.ಮೀ. ಒಳಗೆ ಒಂದು ಗುಂಡಿ ಹೊಲಿಯಿರಿ. ಮುಂದಿನ ಪಟ್ಟಿ ಅದರ ಮೇಲೆ ಬಂದು ಕೂರುತ್ತದೆ. ಮುಂದಿನ ವರ್ಷ ಆ ಗುಂಡಿಯನ್ನು ತುದಿಯಿಂದ ಒಂದೂವರೆ ಸೆಂ.ಮೀ.ಗೆ ಸರಿಸಿದರೆ ತೋಳಿನ ಕಂಡಿ ಎರಡೂವರೆ ಸೆಂ.ಮೀ. ಸಡಿಲವಾಗುತ್ತದೆ. ಮೂರು ವರ್ಷದೊಳಗಿನ ಕೂಸಿಗೆ ಗುಂಡಿಯೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಪಟ್ಟಿಗಳನ್ನು ಹೊಲಿದೇ ಬಿಡಿ, ಕೊರಳನ್ನು ಒಂದೆರಡು ಸೆಂ.ಮೀ. ಅಗಲ ಮಾಡಿ.

ಬಣ್ಣದ ಬಗ್ಗೆ ಒಂದು ಮಾತು. ಸಾದಾ ಬಿಳಿ ಹತ್ತಿಯನ್ನು ತಂದು ಮನೆಯಲ್ಲೇ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿ ಅದ್ದುವ ದಾರಿಯೂ ಇದೆ. ಸಾಗರದ ಹೆಗ್ಗೋಡು ಬಳಿ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣವನ್ನು ಬಹಳ ವರ್ಷಗಳಿಂದ ಬಳಸುತ್ತಿದ್ದಾರೆ. ಚೊಗರಿನಲ್ಲಿ ಒಗರು ತುಂಬಿರುವುದರಿಂದ ಹತ್ತಿಗೆ ಹಿಡಿಯುತ್ತದೆ, ಕೆಂಗಂದು ಬಣ್ಣ ಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಮಾತ್ರ ಅದ್ದಬೇಡಿ, ಒಗರು ಕಬ್ಬಿಣದೊಡನೆ ಸೇರಿ ನೂಲು ಕಪ್ಪಿಡುತ್ತದೆ. ಬಣ್ಣ ಹಾಕಿದ ನೂಲಿನಲ್ಲೇ ಮಾದರಿ ತುಂಡು ಹೆಣೆಯಿರಿ.

ಒಗೆದಾಗ ತಂತಿಗೆ ನೇತುಹಾಕದೆ ಚಾಪೆಯ ಮೇಲೋ ಮೊರದ ಮೇಲೋ ನೆರಳಲ್ಲಿ ಹರಡಿ. ಒದ್ದೆ ಹತ್ತಿಯ ಭಾರಕ್ಕೆ ಪಟ್ಟಿ ಉದ್ದವಾಗುತ್ತದೆ. ಏಪ್ರಿಲ್, ಮೇ ಹಲಸಿನ ಕಾಲ. ಮೇಣ ಹತ್ತಿದರೆ ಸೋಪು ಹಚ್ಚುವ ಮುಂಚೆ ಕೊಬ್ಬರಿ ಎಣ್ಣೆ ಸವರಿ ಬಿಡಿಸಿ, ಕಂಡಿಯ ನೂಲನ್ನು ಉಗುರಲ್ಲಿ ಕೆರೆಯಬೇಡಿ. ಇನ್ನೊಂದು, ಇದು ಅಂಗಳದ ಉಡುಪು, ಕಾಡಿನದಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಉಣುಗುಗಳು ಹರಡುವುದು ಇದೇ ಬೇಸಿಗೆ ತಿಂಗಳುಗಳಲ್ಲಿ. ಮಕ್ಕಳು ಕಾಡಂಚಿಗೆ ಹೋಗುವ ದಿನ ತುಂಬು ತೋಳಿನ ಬಟ್ಟೆಯೇ ಇರಲಿ. ಜೂನ್ ಮಳೆ ಹಿಡಿಯುವ ಮುಂಚೆ ಒಂದು ಒಳ್ಳೆಯ ಬಿಸಿಲಿಗೆ ಪೂರ್ತಿ ಒಣಗಿಸಿ ಎತ್ತಿಡಿ. ಸ್ವಲ್ಪ ಹಸಿ ಉಳಿದರೂ ಆಗಸ್ಟಿನ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.

ಬೇರೆ ಅಳತೆಯ ಮಕ್ಕಳಿಗೆ ಇದೇ ಲೆಕ್ಕ ಹೀಗೆ ಹೊಂದುತ್ತದೆ. ಎದೆ 50 ಸೆಂ.ಮೀ. ಇದ್ದರೆ ಪಟ್ಟಿಗೆ 9, ಕೊರಳಿಗೆ 29, ಒಟ್ಟು 47, ಹೆಚ್ಚಿಸಿದಾಗ 55, ಕಂಕುಳಿಗೆ ತಲಾ 7 ಸೇರಿ 69. ಎದೆ 62 ಇದ್ದರೆ ಪಟ್ಟಿ 10, ಕೊರಳು 35, ಒಟ್ಟು 55, ಹೆಚ್ಚಿಸಿದಾಗ 63, ಕಂಕುಳಿಗೆ ತಲಾ 10 ಸೇರಿ 83. ಐದು ಎಲೆಯ ಸಾಲು ಬಂದಾಗ ಎರಡೂ ಬದಿ ಉಳಿಯುವ ಸಾದಾ ಕುಣಿಕೆ ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 14. ಉದ್ದವನ್ನು ಮಾತ್ರ ಲೆಕ್ಕದಿಂದ ತೆಗೆದುಕೊಳ್ಳದೆ ಮಗುವಿನ ಮೈಗೆ ಹಿಡಿದೇ ತೀರ್ಮಾನಿಸಿ; ಒಂದು ಆವರ್ತನ ಎಲೆ ಸೇರಿಸಿದರೆ ಮೂರೂಮುಕ್ಕಾಲು ಸೆಂ.ಮೀ. ಹೆಚ್ಚುತ್ತದೆ. ಕಾಫಿ ಕೊಯ್ಲು ಮುಗಿದ ಸಂಜೆಗಳಲ್ಲಿ ಶುರುಮಾಡಿದರೆ ಏಪ್ರಿಲ್ ಎರಡನೇ ವಾರದ ಶಾಲೆ ರಜೆಗೆ ಟಾಪ್ ತಯಾರಿರುತ್ತದೆ.